ಉದ್ದ ಚಿತ್ರದ ಬಲತುದಿ

ಸಹೃದಯ ವಾಚಕ ಮಹಾಶಯರೇ! ಕಳ್ಳತನವೆಂದರೆ ಬೆಳ್ಳಿಬಂಗಾರದ ಅಪಹರಣವೆಂದೇ ತಾವು ಬಗೆದಿದ್ದರೆ, ಕಡಲತಡಿಯ ಮಾರ್ಲ್‌ನೆಸ್ ಪಟ್ಟಣದ ಬಾಲಕರ ಗ್ರಾಮರ್ ಶಾಲೆಯಲ್ಲಿ ಗೇಣಗಲದ ಕಾಗದವೊಂದಕ್ಕಾಗಿ ನಡೆದ ಈ ಅಪರಾಧವನ್ನು ದಯಮಾಡಿ ಅವಧರಿಸಬೇಕು.

ಶಾಲೆಯ ಚರಿತ್ರೆಯ ಗ್ರಂಥ ಬಿಡುಗಡೆಯಾಗಬೇಕಿದ್ದ ದಿನ. ನಲವತ್ತು ವರ್ಷ ಗೋಡೆಯ ಮೇಲ್ಗಡೆ ತೂಗಿದ್ದ, ಶಾಲೆಯ ಹುಡುಗರೆಲ್ಲ ಸಾಲಾಗಿ ಕೂತ ಉದ್ದನೆಯ ಛಾಯಾಚಿತ್ರವನ್ನು ಅತಿಥಿಗಳ ವೀಕ್ಷಣೆಗೆಂದು ಹಿಂದಿನ ಸಂಜೆಯಷ್ಟೇ ಕೆಳಗಿಳಿಸಿದ್ದರು. ಬೆಳಗಾಗುವಷ್ಟರಲ್ಲಿ ಅದರ ಬಲತುದಿ ಮಾಯ! ಯಾರೋ ಕತ್ತರಿಸಿ ಒಯ್ದಿದ್ದರು.

"ಅಡುಗೆಮನೆಯ ನೆಟ್ಟಾ ಪಾಸ್ಕ್‌ಳದೇ ಕೆಲಸ," ಎಂದರು ಮುಖ್ಯೋಪಾಧ್ಯಾಯ ಹೆಸ್ಕೆತ್. "ನಲವತ್ತು ವರ್ಷದ ಹಿಂದೆ ಈ ಫೋಟೋ ತೆಗೆಯೋ ಹೊತ್ತಲ್ಲೇ ಹಾಲ್‌ನಲ್ಲಿದ್ದ ಸಂಸ್ಥಾಪಕರ ಮೂರ್ತಿ ಒಡೀತು. ಚಿತ್ರದಲ್ಲಿ ಇಲ್ಲದವನು ಇವಳಪ್ಪ ವಿಲ್ಫ್ ಒಬ್ಬನೇ. ಅವನೇ ಒಡೆದದ್ದು ಅಂತ ಶಾಲೆಯಿಂದ ಓಡಿಸಿದ್ರು. ಆ ಸೇಡು! ಇನ್‌ಸ್ಪೆಕ್ಟರ್, ಕರ್ಕೊಂಡು ಹೋಗಿ ಇವಳನ್ನ."

ನೆಟ್ಟಾ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಅಪ್ಪ ಅವತ್ತು ದೋಣಿಯಿಂದ ಸೀಗಡಿ ಇಳಿಸ್ತಿದ್ರು ಸಾರ್. ಮೀನಿನವನ ಮಗನ ಮಾತು ಯಾರು ನಂಬ್ತಾರೆ? ಇವತ್ತಿಗೂ ಈ ಗೇಟಿನ ಮುಂದೆ ಹೋಗುವಾಗ ಮುಖ ಕಡಲ ಕಡೆ ತಿರುಗಿಸ್ಕೊಂಡೇ ಹೋಗ್ತಾರೆ. ಈಗ ನನ್ನ ಸರದಿನಾ?"

ಇನ್‌ಸ್ಪೆಕ್ಟರ್ ಬೆವನ್ ಭೂತಗನ್ನಡಿ ಹಿಡಿದು ಚಿತ್ರದ ಮೇಲೆ ಬಾಗಿದ.

"ಮೇಜರ್ ಥ್ವೇಟ್, ಈ ಶಾಲೇಲೇ ಓದಿ, ಇದರ ಚರಿತ್ರೆ ಬರೆದವರು ತಾವು. ಇದರಲ್ಲಿ ತಾವೆಲ್ಲಿ?"

"ಎಡತುದಿ. ಅಲ್ಲೇ ಭದ್ರವಾಗಿ ಕೂತಿದ್ದೆ."

"ಬಲತುದೀಲಿ?"

"ಯಾರೋ ಚಿಕ್ಕ ಹುಡುಗರು. ನೆನಪಿಲ್ಲ."

"ಬೆಂಚು ಎಲ್ಲಿ ಹಾಕಿದ್ರು?"

"ಹಾಲ್‌ನ ಹೊರಗೋಡೆಗೆ ಒತ್ತಿ— ಆ ಎರಡು ಬಾಗಿಲುಗಳ ನಡುವೆ. ಯಾಕೆ?"

ಬೆವನ್ ನೆಟ್ಟಗೆ ನಿಂತ.

"ಸೇಡಿನವರಾದ್ರೆ ಇಡೀ ಚಿತ್ರ ಹರಿದು ಹಾಕ್ತಿದ್ರು. ಇಲ್ಲಿ ಒಂದೇ ತುದಿ ಹೋಗಿದೆ. ಇಂಥ ಉದ್ದ ಚಿತ್ರ ತೆಗೆಯೋ ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗುತ್ತೆ. ನಮ್ಮ ಶಾಲೇಲೂ ತುಂಟರು ಎಡತುದೀಲಿ ಮುಖ ತೋರಿಸಿ, ಹಿಂದಿನಿಂದ ಓಡಿ, ಬಲತುದೀಲಿ ಮತ್ತೆ ಕೂರ್ತಿದ್ರು. ಒಂದೇ ಚಿತ್ರದಲ್ಲಿ ಎರಡು ಸಲ! ಇಲ್ಲಿ ಹಿಂದೆ ಗೋಡೆ. ಓಡೋದಾದ್ರೆ ಹಾಲ್‌ನೊಳಗಿಂದಲೇ— ಮೂರ್ತಿ ಪಕ್ಕದಲ್ಲೇ. ಈಗ ನೋಡಿ, ಎಲ್ಲರೂ ಕೈಕಟ್ಟಿ, ಕಾಲು ಜೋಡಿಸಿ ಕೂತಿದ್ದಾರೆ. ಎಡತುದೀಲಿ ಒಬ್ಬನ ಕಾಲು ಮಾತ್ರ ಬೆಂಚಿನಾಚೆಗಿದೆ, ಓಡೋಕೆ ತಯಾರಾಗಿ. ಯಾರದ್ದು ಮೇಜರ್?"

ಹೆಸ್ಕೆತ್ ಬಗ್ಗಿ ನೋಡಿದರು. ಅವರ ಕಿವಿ ಕೆಂಪಗಾಯಿತು.

"ಅವತ್ತು ಎಲ್ಲರೂ ಹುಡುಕಿದ್ದು ಚಿತ್ರದಲ್ಲಿ ಇಲ್ಲದವನನ್ನ," ಎಂದ ಬೆವನ್. "ಎರಡು ಸಲ ಇದ್ದವನನ್ನಲ್ಲ."

ಮೇಜರ್ ಕೋಟಿನ ಒಳಜೇಬಿಗೆ ಕೈ ಹಾಕಿ ಕಾಗದದ ತುಂಡನ್ನು ತೆಗೆದು ಮೇಜಿನ ಮೇಲಿಟ್ಟರು.

"ಸುಟ್ಟುಬಿಡೋಣ ಅಂತಿದ್ದೆ. ಆಗಲಿಲ್ಲ... ನೋಡಿ, ಹೆಂಗೆ ನಗ್ತಾ ಇದೀನಿ."

ಯಾರೂ ನೋಡಲಿಲ್ಲ. ನೆಟ್ಟಾ ಮಾತ್ರ ನೋಡಿದಳು, ಬಹಳ ಹೊತ್ತು.

"ನಿಮ್ಮಪ್ಪ... ಈಗ ಮನೇಲಿರ್ತಾರೇನಮ್ಮ?" ಮೇಜರರ ದನಿ ಕುಗ್ಗಿತ್ತು.

"ಇರ್ತಾರೆ. ಬರೋದಾದ್ರೆ ಮುಂಬಾಗಿಲಿಂದ ಬನ್ನಿ," ಎಂದಳು ಅವಳು. "ಹಿಂದಿನಿಂದ ಓಡಿ ಬರಬೇಡಿ."

ಮೇಜರ್ ಟೋಪಿಯನ್ನು ಕೈಯಲ್ಲೇ ಹಿಡಿದು, ತಲೆತಗ್ಗಿಸಿ ಮೀನುಗಾರರ ಬೀದಿಯತ್ತ ನಡೆದರು. ಹೊಸ ಗ್ರಂಥಗಳ ಕಟ್ಟು ಬಿಚ್ಚದೆಯೇ ಉಳಿಯಿತು. ಔತಣಕ್ಕೆ ನಿಲ್ಲಿರೆಂದು ಹೆಸ್ಕೆತ್ ತೊದಲಿದರು. ಬೆವನ್ ಭೂತಗನ್ನಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಗೇಟು ದಾಟಿ ರೈಲುನಿಲ್ದಾಣದ ದಾರಿ ಹಿಡಿದ. ತನಗೇ ಅರಿವಿಲ್ಲದಂತೆ ಅವನೂ ವಿಲ್ಫ್‌ನಂತೆ ಮುಖವನ್ನು ಕಡಲ ಕಡೆ ತಿರುಗಿಸಿಕೊಂಡಿದ್ದ.