ಮಣಿ ಗೋಡೆಯ ತಪ್ಪು ಮಗ್ಗುಲು

ಲೇಹ್ ಪೇಟೆಯ ಔಷಧಿ ಅಂಗಡಿಯಿಂದ ಹೊರಬಂದ ಡಿಸ್ಕಿತ್, ಇನ್ಸುಲಿನ್ ಕುಪ್ಪಿಯನ್ನು ಉಣ್ಣೆಯ ಕಾಲುಚೀಲದೊಳಗೆ ತೂರಿಸಿ, ನಿಲುವಂಗಿಯ ಒಳಗೆ ಹೊಟ್ಟೆಗೊತ್ತಿ ಸೊಂಟಪಟ್ಟಿ ಬಿಗಿದಳು. ಘಟ್ಟದಾಚೆಯ ತಮ್ಮೂರಲ್ಲಿ ಒಲೆ ಆರಿದ ರಾತ್ರಿ ಅಕ್ಕ ಆಂಗ್ಮೊಳ ಇನ್ಸುಲಿನ್ನೆಲ್ಲ ಹೆಪ್ಪುಗಟ್ಟಿ ಕೆಟ್ಟಿತ್ತು. ಹಿಮ ಬಿದ್ದು ರಸ್ತೆ ಮುಚ್ಚಿತ್ತು. ಘಟ್ಟ ಹತ್ತಿ ನಡೆದೇ ಹೋಗಬೇಕು, ಇದೂ ಹೆಪ್ಪುಗಟ್ಟುವ ಮೊದಲು.

"ಒಂದೇನಾ ಸಿಕ್ಕಿದ್ದು?" ಸೋದರಮಾವ ಮೊರುಪ್ ಕೇಳಿದ.

"ಒಂದೇ. ಉಳಿದದ್ದು ವಿಮಾನ ಬಂದ ಮೇಲಂತೆ."

"ಹಾಗಾದ್ರೆ ನೀನು ಬೀಳೋ ಹಾಗಿಲ್ಲ. ಬೀಳೋದಿದ್ರೆ ಮಾವ ಬೀಳ್ಲಿ," ಅಂದ ಆಂಗ್ಮೊಳ ಗಂಡ ಸ್ಕರ್ಮ. ನಗಲು ನೋಡಿದ. ಆಗಲಿಲ್ಲ.

ಮೂವರೂ ಹತ್ತತೊಡಗಿದರು. ಹಿಂದೆ ಬಂಡೆಯ ಮೇಲೆ ಹಳೆಯ ಅರಮನೆ, ಅದರ ನೆತ್ತಿಗೆ ಬೌದ್ಧ ಮಠ ಗೊಂಪಾದ ಗೋಡೆ, ಕೆಳಗೆ ಮಣ್ಣಿನ ಮಾಳಿಗೆಗಳ ಮೇಲೆ ಒಣಹುಲ್ಲಿನ ಹೊರೆಗಳು; ತಿರುಗಿ ನೋಡಿದಾಗಲೆಲ್ಲ ಲೇಹ್ ಇನ್ನಷ್ಟು ಚಿಕ್ಕದಾಗುತ್ತ, ಕೊನೆಗೆ ಬೆಟ್ಟದ ಬಣ್ಣದಲ್ಲೇ ಕರಗಿಹೋಯಿತು.

ನೆತ್ತಿಯ ಹತ್ತಿರ ಗಾಳಿ ಎದ್ದಿತು. ಚಾಚಿದ ಕೈ ಕಾಣದಷ್ಟು ಹಿಮ. ಚಮರೀ ಕೂದಲ ಹಗ್ಗವನ್ನು ಮೂವರೂ ಸೊಂಟಕ್ಕೆ ಕಟ್ಟಿಕೊಂಡರು. ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆ ಕೈಗೆ ತಾಗಿದಾಗ ಮೊರುಪ್ ಯೋಚಿಸಲೇ ಇಲ್ಲ. ಪ್ರದಕ್ಷಿಣೆಯ ಪದ್ಧತಿಯಂತೆ, ಗೋಡೆ ಬಲಗೈಗೆ ಬರುವ ಹಾಗೆ ಎಡಕ್ಕೆ ತಿರುಗಿದ. ಹುಟ್ಟಿದಾಗಿನಿಂದ ಎಲ್ಲರ ಕಾಲೂ ಹಾಗೇ ತಿರುಗುವುದು. ಈ ಶರತ್ಕಾಲದಲ್ಲಿ ಆ ಮಗ್ಗುಲು ಕುಸಿದಿದ್ದು ಮೂವರಿಗೂ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ.

ಮೊರುಪ್ ದಾಟಿದ. ಡಿಸ್ಕಿತ್ ಕಾಲಿಟ್ಟಳು.

ಹಿಮ ಬಾಯಿ ತೆರೆಯಿತು.

ಹಗ್ಗ ಸೊಂಟ ಕತ್ತರಿಸುವಂತೆ ಬಿಗಿಯಿತು. ಕಾಲಡಿ ಬರೀ ಗಾಳಿ. ಅವಳು ಎರಡೂ ಕೈಯಿಂದ ಹೊಟ್ಟೆಯನ್ನೇ ಹಿಡಿದಿದ್ದಳು.

"ಕೈ ಕೊಡೇ!" ಹಿಂದಿನಿಂದ ಸ್ಕರ್ಮ ಕೂಗಿದ.

"ಕುಪ್ಪಿ, ಭಾವ..."

"ಕುಪ್ಪಿ ಹಗ್ಗದ ಬಿಗಿಯೊಳಗಿದೆ, ಬೀಳಲ್ಲ. ಕೈ ಕೊಡು."

ಎಳೆದು ಹಾಕಿದಾಗ ಅವಳ ಅಂಗಿಯೊಳಗೆಲ್ಲ ಹಿಮ. ಕಾಲುಚೀಲ ಒದ್ದೆ. ಕುಪ್ಪಿ ಒಡೆದಿರಲಿಲ್ಲ, ಆದರೆ ತಣ್ಣಗೆ ಕೊರೆಯುತ್ತಿತ್ತು. ಸ್ಕರ್ಮ ಅದನ್ನು ಕಿತ್ತುಕೊಂಡು ಬರಿಮೈ ಕಂಕುಳಲ್ಲಿ ಅವುಚಿಕೊಂಡ.

"ಈ ಕಡೆ ದಾರಿಯಿಲ್ಲ," ಡಿಸ್ಕಿತ್ ಅಂಗಿಯ ಹಿಮ ಕೊಡವುತ್ತ ಅಂದಳು. "ಆಚೆ ಮಗ್ಗುಲಿಂದ ಹೋಗೋಣ."

ಗೋಡೆ ಹಿಡಿದು ಹಿಂದಕ್ಕೆ ಬಂದಿದ್ದ ಮೊರುಪ್ ಕದಲಲಿಲ್ಲ. "ಗೋಡೆ ಎಡಗೈಗೆ ಬರತ್ತೆ. ನಮ್ಮಪ್ಪನ ಹೆಣ ಹೊತ್ತಾಗಲೂ ಈ ಕಡೆಯಿಂದಲೇ ಹೋಗಿದ್ದು ನಾನು."

ಎದುರು ಮಾತಾಡಿ ಅವಳಿಗೆ ಅಭ್ಯಾಸವಿಲ್ಲ. ನೆಲ ನೋಡುತ್ತಲೇ ಹೇಳಿದಳು. "ಅಕ್ಕನ್ನ ಹೊರೋದು ಬೇಡ ಅಂತಲೇ ಅಲ್ವಾ ಮಾವ, ಬಂದಿದ್ದು."

ಮೊರುಪ್ ಟೋಪಿ ತೆಗೆದ. ಕೆತ್ತಿದ ಕಲ್ಲಿಗೆ ಹಣೆ ಮುಟ್ಟಿಸಿ ಏನೋ ಗೊಣಗಿದ. ಆಮೇಲೆ ತಾನೇ ಮುಂದಾಗಿ, ಗೋಡೆಯನ್ನು ಎಡಗೈಯಲ್ಲಿ ತಡವುತ್ತ ನಡೆದ. ಆ ಮಗ್ಗುಲಲ್ಲಿ ನೆಲ ಗಟ್ಟಿಯಾಗಿತ್ತು.

ಸಂಜೆ ಮನೆ ಸೇರಿದಾಗ ಆಂಗ್ಮೊ ಏದುಸಿರು ಬಿಡುತ್ತಿದ್ದಳು. ಡಿಸ್ಕಿತ್ ಕುಪ್ಪಿಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡಿದಳು. ಹರಳಿಲ್ಲ, ಗಸಿಯಿಲ್ಲ. ತಿಳಿನೀರಿನಂತಿತ್ತು. ಸೂಜಿಗೆ ಎಳೆದು ಅಕ್ಕನ ತೋಳಿಗೆ ಚುಚ್ಚಿದಳು.

ಮರುದಿನ ಬಿಸಿಲೇರಿದಾಗ ಆಂಗ್ಮೊ ಕಣ್ಣುಬಿಟ್ಟು ಬೆಣ್ಣೆ ಚಹಾ ಕೇಳಿದಳು. ಗುಟುಕರಿಸುತ್ತ, "ಹೆಪ್ಪುಗಟ್ಟದ ಹಾಗೆ ಹೇಗೆ ತಂದ್ರಿ?" ಅಂದಳು.

"ಭಾವನ ಕಂಕುಳಲ್ಲಿ."

ಆಂಗ್ಮೊ ಗಂಡನ ಕಡೆ ತಿರುಗಿದಳು. "ಮೊದಲೇ ಹೇಳಿದ್ರೆ ಬೇಡ ಅಂತಿದ್ದೆ."

ಸ್ಕರ್ಮ ನಗಲು ಹೋಗಿ, ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಡಿಸ್ಕಿತ್ ಏನೂ ನೋಡದವಳಂತೆ ಒಲೆಗೆ ಇನ್ನೆರಡು ಬೆರಣಿ ಹಾಕಿದಳು.