ಬಲಗಾಲಿನ ನಟ್

2025ರ ಫೆಬ್ರವರಿ 19, ಬುಧವಾರ. ಬೆಳಿಗ್ಗೆ 10.30ಕ್ಕೆ ತಿಪಟೂರಿನ ಗ್ರಾಮಾಂತರ ಠಾಣೆಗೆ ಬಿಳಿಗೆರೆಯ ಗಂಗಕ್ಕ ಬಂದಳು. ಹಿಂದಿನ ದಿನ ಅವಳ ಮಗಳು ಪುಷ್ಪಲತಾ ತೆಂಗಿನ ಮರದಿಂದ ಬಿದ್ದು ಜಿಲ್ಲಾ ಆಸ್ಪತ್ರೆ ಸೇರಿದ್ದಳು. ಗಂಗಕ್ಕ ಅಲ್ಲಿಂದ ನೇರವಾಗಿ ಬಂದಿದ್ದಳು. ಗಂಡ ಕೆಂಚಯ್ಯ ಒಳಗೆ ಬಾರದೆ ಬಾಗಿಲಲ್ಲೇ ನಿಂತ.

"ನನ್ನ ಮಗಳು ತಾನಾಗಿ ಬಿದ್ದಿಲ್ಲ ಕಣಮ್ಮ. ಆ ಮಿಷಿನ್ನಿಗೆ ಯಾರೋ ಏನೋ ಮಾಡವ್ರೆ. ಬರ್ಕಳಿ."

"ಬುಡೇ, ಹಣೇಲಿ ಬರ್ದಿತ್ತು," ಎಂದ ಕೆಂಚಯ್ಯ.

"ನೀನು ಸುಮ್ಕಿರು. ಹೆಣ್ಣು ಮರ ಹತ್ತಿದ್ರೆ ಹಿಂಗೇ ಆಗೋದು ಅಂತ ಊರೆಲ್ಲ ಆಡ್ಕತಾವ್ರೆ. ಎರಡು ವರ್ಷದಿಂದ ಹತ್ತುತಾವ್ಳೆ. ಒಂದು ದಿನ ಕಾಲು ಜಾರಿದ್ದಿಲ್ಲ."

ಸಬ್‌ಇನ್‌ಸ್ಪೆಕ್ಟರ್ ಗಿರಿಜಾಂಬಿಕಾ ದೂರನ್ನು ಓದಿ ಹೇಳಿದರು. ಗಂಗಕ್ಕ ಹೆಬ್ಬೆಟ್ಟು ಒತ್ತಿದಳು. ಭಾರತೀಯ ನ್ಯಾಯ ಸಂಹಿತೆಯ ಕಲಂ 125(ಬಿ) ಅಡಿ, ಆರೋಪಿ ಅಪರಿಚಿತ ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.15ಕ್ಕೆ, ಪುಷ್ಪಲತಾ ಬಿದ್ದಿದ್ದ ರೇಣುಕಪ್ರಸಾದರ ತೋಟದಲ್ಲಿ ಪಂಚನಾಮೆ ನಡೆಯಿತು. ಮರ ನಲವತ್ತು ಅಡಿಗೂ ಮೀರಿದ್ದು. ಬುಡದಲ್ಲಿ ಮರ ಹತ್ತುವ ಯಂತ್ರ ಬಿದ್ದಲ್ಲೇ ಇತ್ತು: ಎಡಗಾಲಿಗೊಂದು, ಬಲಗಾಲಿಗೊಂದು ಕಬ್ಬಿಣದ ಚೌಕಟ್ಟು. ಎರಡಕ್ಕೂ ಮರವನ್ನು ಸುತ್ತುವ ಉಕ್ಕಿನ ಹಗ್ಗ. ಹಗ್ಗದ ತುದಿಯನ್ನು ಚೌಕಟ್ಟಿಗೆ ಹಿಡಿದಿಡಲು ಒಂದೊಂದು ಬೋಲ್ಟು. ಬಲಗಾಲಿನದರಲ್ಲಿ ಬೋಲ್ಟು ಇರಲಿಲ್ಲ, ಹಗ್ಗ ಬಿಚ್ಚಿಕೊಂಡಿತ್ತು.

ಕಾನ್‌ಸ್ಟೆಬಲ್ ಸೂರ್ಯಪ್ರಕಾಶ್ ಒಂದು ಗಂಟೆ ಗರಿ ಸರಿಸಿ ಹುಡುಕಿ ಬೋಲ್ಟನ್ನೂ, ಹದಿನೈದು ಅಡಿ ಆಚೆ ಬಿದ್ದಿದ್ದ ನಟ್ಟನ್ನೂ ತಂದರು.

"ಬೋಲ್ಟು ಮುರಿದಿಲ್ಲ ಮೇಡಮ್. ತಿರುಪು ಸವೆದೂ ಇಲ್ಲ. ನಟ್ ಬಿಟ್ಟುಕೊಂಡು ಬಂದಿದೆ ಅಷ್ಟೇ."

ಗಿರಿಜಾಂಬಿಕಾ ಎಡಗಾಲಿನ ನಟ್ಟನ್ನು ಬಗ್ಗಿ ನೋಡಿದರು. ಅದರ ಬಾಯಲ್ಲಿ ನೀಲಿ ಪ್ಲಾಸ್ಟಿಕ್ ಬಳೆಯಿತ್ತು. ಕೈಯಲ್ಲಿದ್ದ ಬಲಗಾಲಿನ ನಟ್ಟಿಗೆ ಅದು ಇರಲಿಲ್ಲ. ಅದರ ಒಂದು ಮಗ್ಗುಲಲ್ಲಿ ಹಸಿರು ಪೇಂಟ್ ಅಂಟಿತ್ತು. ಎರಡೂ ನಟ್ಟುಗಳನ್ನು ಬೇರೆ ಬೇರೆ ಕವರಿಗೆ ಹಾಕಿ ಮೊಹರು ಮಾಡಿಸಿದರು.

ತೋಟದ ಮಾಲೀಕ ರೇಣುಕಪ್ರಸಾದ್ ಅರಚುವಂತೆ ಮಾತಾಡುವ ಮನುಷ್ಯ. ಅವತ್ತು ಮೆಲ್ಲಗೆ ಉತ್ತರಿಸಿದರು.

"ಎಷ್ಟು ಹೊತ್ತಿಗೆ ಬಿದ್ದದ್ದು?"

"ಎಂಟೂ ಇಪ್ಪತ್ತು. ಎರಡು ಮರ ಮುಗಿಸಿದ್ಳು, ಇದು ಮೂರನೇದು."

"ಸೊಂಟಕ್ಕೆ ಬೆಲ್ಟ್ ಇರಲಿಲ್ವಾ?"

"ಇತ್ತು. ಗೊನೆ ಹತ್ರ ಹೋದ್ಮೇಲೆ ಮರಕ್ಕೆ ಸುತ್ತಿ ಹಾಕ್ಕಳದು. ಅಷ್ಟರಲ್ಲೇ ಹಿಂಗಾಯ್ತು."

"ಕೆಳಗೆ ಯಾರಿದ್ದರು?"

"ನಾನು, ಅವಳಪ್ಪ. ಮಗಳು ಕೀಳೋದು, ಅಪ್ಪ ಆಯೋದು. ದಿನಾ ಅಷ್ಟೇ."

"ಯಂತ್ರ ನಿಮ್ಮಲ್ಲೇ ಇರುತ್ತಿತ್ತಾ?"

"ಇಲ್ಲ ಕಣ್ರೀ. ಸ್ಕೂಟರ್‌ನಲ್ಲಿ ದಿನಾ ಮನೆಯಿಂದ ತರ್ತಾಳೆ."

ಗುರುವಾರ ಬೆಳಿಗ್ಗೆ 11ಕ್ಕೆ ಸಬ್‌ಇನ್‌ಸ್ಪೆಕ್ಟರ್ ತಿಪಟೂರು ಪೇಟೆಯಲ್ಲಿ ತೋಂಟದಾರ್ಯರ ಹಾರ್ಡ್‌ವೇರ್ ಅಂಗಡಿಗೆ ಹೋದರು. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಖಾನೆ. ಮೂವತ್ತೆರಡು ವರ್ಷದಿಂದ ಸ್ಕ್ರೂ, ಬೋಲ್ಟು ಮಾರುತ್ತಿದ್ದ ಮನುಷ್ಯ ಕವರಿನ ಹೊರಗಿಂದಲೇ ನೋಡಿ ಹೇಳಿದರು.

"ಇದು ಸಾದಾ ನಟ್. ನೋಡಿ ಅಮ್ಮಾ, ಪ್ರತಿಯೊಂದಕ್ಕೂ ಅದರದರ ಜಾಗ ಇದೆ. ಮರಕ್ಕೆ ಚೂಪು ಮೂತಿಯ ಸ್ಕ್ರೂ. ಬಾಗಿಲ ಹಿಂಜಿಗೆ ತಲೆ ಒಳಗೆ ಕೂರೋದು ಬೇಕು, ಇಲ್ಲದಿದ್ರೆ ಬಾಗಿಲು ಮುಚ್ಚಲ್ಲ. ತಗಡಿನ ಶೀಟಿಗೆ ತಾನೇ ತೂತು ಕೊರಕೊಂಡು ಹೋಗೋದು. ಕಬ್ಬಿಣಕ್ಕೆ ಕಬ್ಬಿಣ ಸೇರಿಸೋಕೆ ಬೋಲ್ಟು, ನಟ್ಟು. ಒಂದೇ ಕಡೆ ನಿಂತಿರೋದಾದ್ರೆ ಸಾದಾ ನಟ್ ಸಾಕು. ಅಲ್ಲಾಡೋ ವಸ್ತುವಿಗೆ ಇದನ್ನ ಹಾಕಿದ್ರೆ ತಾನಾಗೇ ತಿರುಗಿ ಬಿಚ್ಕಳತ್ತೆ."

"ನೀಲಿ ಬಳೆ ಇರುವುದು?"

"ಅದು ನೈಲಾಕ್. ಬಳೆ ಬೋಲ್ಟಿನ ತಿರುಪನ್ನ ಕಚ್ಕೊಂಡು ಹಿಡಿಯತ್ತೆ. ಪುಷ್ಪಲತಾ ನಮ್ಮಲ್ಲೇ ಒಯ್ಯೋದು. ಒಂದ್ಸಲ ಬಿಚ್ಚಿದ್ರೆ ಹಿಡಿತ ಕಮ್ಮಿ ಆಗತ್ತೆ ಅಂತ ಪ್ರತಿ ಸಲ ಹೊಸದೇ ಹಾಕ್ತಿದ್ಲು. ಆ ಹುಡುಗಿ ಸಾದಾ ನಟ್ ಹಾಕಲ್ಲ, ಅಮ್ಮಾ. ನಾನು ಬರ್ಕೊಡ್ತೀನಿ ಬೇಕಾದ್ರೆ."

"ಇದನ್ನು ಯಾರಾದರೂ ಹೊಸದಾಗಿ ಕೊಂಡಿರಬಹುದಾ?"

"ಹೊಸದಲ್ಲ ಇದು. ಮೂಲೆಗಳು ಸವೆದಿವೆ, ಪೇಂಟ್ ಬೇರೆ ಆಗಿದೆ. ಯಾವುದರಿಂದಲೋ ಬಿಚ್ಚಿದ್ದು."

ಅವತ್ತು ಮಧ್ಯಾಹ್ನ 3.40ಕ್ಕೆ ಪೊಲೀಸರು ಬಿಳಿಗೆರೆಯಲ್ಲಿ ಗಂಗಕ್ಕನ ಮನೆ ಮುಂದೆ ಜೀಪಿನಿಂದಿಳಿದರು. ಗಂಗಕ್ಕ ಆಸ್ಪತ್ರೆಯಲ್ಲಿದ್ದಳು. ಕೆಂಚಯ್ಯ ಜಗಲಿಯ ಮೇಲೆ ಕೂತಿದ್ದ. ಅಂಗಳಕ್ಕೆ ಹಸಿರು ಬಳಿದ ಕಬ್ಬಿಣದ ಗೇಟು. ಸೂರ್ಯಪ್ರಕಾಶ್ ಅದನ್ನು ತಳ್ಳಲು ಹೋಗಿ ಕೈ ನಿಲ್ಲಿಸಿದರು. ಗೇಟನ್ನು ಕಂಬಕ್ಕೆ ಹಿಡಿದಿದ್ದ ನಾಲ್ಕು ಬೋಲ್ಟುಗಳಲ್ಲಿ ಮೂರಕ್ಕೆ ನಟ್ ಇತ್ತು. ನಾಲ್ಕನೆಯದರಲ್ಲಿ ಪೇಂಟ್ ಆರು ಮೂಲೆಯಾಗಿ ಎದ್ದು, ಬರಿಯ ತಿರುಪು ಹೊಳೆಯುತ್ತಿತ್ತು.

"ಮನೆಯಲ್ಲಿ ಎಷ್ಟು ಜನ, ಕೆಂಚಯ್ಯನೋರೇ?" ಎಂದು ಗಿರಿಜಾಂಬಿಕಾ ಕೇಳಿದರು.

"ಮೂರು."

"ಮಗಳು ಬೀಳುವ ಹಿಂದಿನ ಸಂಜೆ, ಸೋಮವಾರ, ಯಾರಿದ್ದರು?"

"ಅವರಿಬ್ರೂ ಸಂಘದ ಮೀಟಿಂಗಿಗೆ ಹೋಗಿದ್ರು."

"ನೀವು?"

"ಇದ್ದೆ."

ಪಂಚರ ಎದುರು ಮೈ ತಪಾಸಣೆ ನಡೆಯಿತು. ಸೊಂಟಕ್ಕೆ ಸಿಕ್ಕಿಸಿದ್ದ ಎಲಡಿಕೆ ಚೀಲವನ್ನು ಕೆಂಚಯ್ಯ ತಾನೇ ತೆಗೆದುಕೊಟ್ಟ. ಎರಡು ಒಣಗಿದ ಎಲೆ, ಸುಣ್ಣದ ಡಬ್ಬಿ, ತಳದಲ್ಲಿ ನೀಲಿ ಬಳೆಯ ನಟ್.

"ಯಾಕೆ ಎಸೆಯಲಿಲ್ಲ?"

"ಅವತ್ತೇ ಮತ್ತೆ ಹಾಕಬೇಕು ಅಂತ ತೋಟಕ್ಕೆ ತಗೊಂಡು ಹೋಗಿದ್ದೆ."

ಸಂಜೆ 5.10ಕ್ಕೆ ಠಾಣೆಯಲ್ಲಿ ಹೇಳಿಕೆ ಶುರುವಾಯಿತು. ಸೂರ್ಯಪ್ರಕಾಶ್ ಟೀ ತರಿಸಿದರು. ಕೆಂಚಯ್ಯ ಕುಡಿಯಲಿಲ್ಲ.

"ನಟ್ ವಿಷಯ ನಿಮಗೆ ಹೇಗೆ ಗೊತ್ತು?"

"ಅವಳೇ ಹೇಳಿಕೊಟ್ಟಿದ್ದು. ದಿನಾ ಮಿಷಿನ್ ಒರೆಸ್ತಾ ಕೂತ್ಕಂಡು ಹೇಳ್ತಿದ್ಳು. ಅಪ್ಪಾ, ನನ್ನ ಜೀವ ಇರೋದು ಇದರಲ್ಲೇ, ಸಾದಾದು ಹಾಕಿದ್ರೆ ಬಿಚ್ಕಳತ್ತೆ ಅಂತ."

"ಗೊತ್ತಿದ್ದೂ ಹಾಕಿದಿರಿ."

"ಒಂದಾಳೆತ್ತರ ಹೋಗೋದ್ರೊಳಗೆ ಅಲ್ಲಾಡತ್ತೆ, ಹೆದರಿ ಇಳೀತಾಳೆ ಅಂದ್ಕಂಡೆ. ಆಮೇಲೆ ಆ ಕಸುಬು ಬುಡ್ತಾಳೆ ಅಂತ."

"ಮೊದಲನೇ ಮರ ಹತ್ತಿ ಇಳಿದಳು. ಎರಡನೇದೂ. ನೀವು ಕೆಳಗೇ ಇದ್ದಿರಿ."

"ಇದ್ದೆ."

"ಯಾಕೆ ತಡೆಯಲಿಲ್ಲ?"

ಕೆಂಚಯ್ಯ ತನ್ನ ಕಾಲನ್ನು ನೋಡಿಕೊಂಡ. ನಲವತ್ತು ವರ್ಷ ತೆಂಗು ಹತ್ತಿ ಮರಕ್ಕೆ ಉಜ್ಜಿ ಪಾದದ ಒಳಮಗ್ಗುಲು ಕಲ್ಲಾಗಿತ್ತು.

"ಏನಂತ ಹೇಳ್ಲಿ? ನಾನೇ ಬಿಚ್ಚಿದ್ದು ಅನ್ಬೇಕಿತ್ತು. ಬಾಯಿ ಬರ್ಲಿಲ್ಲ."

ಗಿರಿಜಾಂಬಿಕಾ ಪೆನ್ನು ಕೆಳಗಿಟ್ಟರು. "ಅವಳು ಹತ್ತಿದರೆ ನಿಮಗೇನು ಕಷ್ಟ?"

"ನಂಗೆ ಹೆಸರಿಲ್ಲ ಕಣವ್ವ ಆ ತೋಟದಲ್ಲಿ. 'ಏ ಮರ ಹತ್ತೋನೇ' ಅಂತ್ಲೇ ಕರ್ದಿದ್ದು, ಆ ಯಜಮಾನ್ರ ಅಪ್ಪನ ಕಾಲದಿಂದ್ಲೂ. ನೀರು ಕೊಟ್ರೆ ಚಿಪ್ಪಲ್ಲಿ. ಮಗಳು ಹಂಗಾಗಬಾರ್ದು ಅಂತ ಬಿ.ಎ. ಓದಿಸ್ದೆ. ಹೋದ ತಿಂಗಳು ಅವರು 'ಏ ಮರ ಹತ್ತೋಳೇ' ಅಂದ್ರು. ಇವಳು ನಕ್ಕು 'ಬಂದೆ ಅಣ್ಣಾ' ಅಂದ್ಳು. ನಕ್ಳು, ಅವ್ವ. ನಾನು ಒಂದಿನ ನಗ್ಲಿಲ್ಲ ಅದಕ್ಕೆ."

6.45ಕ್ಕೆ ಬಂಧನ ದಾಖಲಾಯಿತು. ಕಲಂ 110, ನರಹತ್ಯೆಗೆ ಯತ್ನ, ಸೇರಿಸಲಾಯಿತು.

ಶುಕ್ರವಾರ ಬೆಳಿಗ್ಗೆ ಗಿರಿಜಾಂಬಿಕಾ ಸೂರ್ಯಪ್ರಕಾಶ್ ಜೊತೆ ಆಸ್ಪತ್ರೆಗೆ ಹೋದರು. ಬೆನ್ನುಮೂಳೆಗೆ ಪೆಟ್ಟಾಗಿದೆ, ಸೊಂಟದ ಕೆಳಗೆ ಸ್ವಾಧೀನವಿಲ್ಲ ಎಂದು ವೈದ್ಯರು ಬರೆದುಕೊಟ್ಟಿದ್ದರು. ಸುದ್ದಿ ಮೊದಲೇ ತಲುಪಿತ್ತು. ಗಂಗಕ್ಕ ಕಾರಿಡಾರಿನಲ್ಲಿ ಅವರ ಕೈ ಹಿಡಿದುಕೊಂಡಳು.

"ನಾನು ಕೊಟ್ಟಿದ್ದ ಕಾಗ್ದ ವಾಪಸ್ ಕೊಟ್ಬುಡಿ ಅಮ್ಮಾ. ಇವರೇ ಅಂತ ನಂಗೇನು ಗೊತ್ತಿತ್ತು."

"ಆಗಲ್ಲ ಗಂಗಕ್ಕ. ಕೇಸು ಆಗಿಹೋಗಿದೆ."

ಪುಷ್ಪಲತಾ ಮೇಲ್ಚಾವಣಿ ನೋಡುತ್ತಾ ಮಲಗಿದ್ದಳು. ಅಪ್ಪ ಹೇಳಿದ್ದನ್ನು ಗಿರಿಜಾಂಬಿಕಾ ಪೂರ್ತಿ ಹೇಳಿದರು, ನಕ್ಕ ವಿಷಯವನ್ನೂ.

"ನಂಗೂ ಸಿಟ್ಟು ಬರ್ತಿತ್ತು ಮೇಡಮ್," ಎಂದಳು ಅವಳು. "ಕೆಳಗೆ ಅಪ್ಪ ಇರ್ತಿದ್ರು. ಅವರಿಗೆ ನೋವಾಗಬಾರ್ದು ಅಂತ ನಗ್ತಿದ್ದೆ."

ಸೂರ್ಯಪ್ರಕಾಶ್ ಅದನ್ನು ಬರೆದುಕೊಳ್ಳಬೇಕೋ ಬೇಡವೋ ಎಂದು ಸಬ್‌ಇನ್‌ಸ್ಪೆಕ್ಟರ್ ಮುಖ ನೋಡಿದರು. ಅವರು ಬರೆದುಕೋ ಎಂಬಂತೆ ತಲೆಯಾಡಿಸಿದರು.