ಬೀದರಿಗೆ ಹೊರಟಿದ್ದವರು

"ಮೂರು ಹೆಂಗಸರೇ ಬಯಲಲ್ಲಿ ಟೆಂಟ್ ಹಾಕಿ ಮಲಗುದಾ?"

ಬೋವಿಕಾನದಲ್ಲಿ ಟೆಂಟ್ ಬಾಡಿಗೆಗೆ ಕೊಡುವ ಪ್ರವೀತ್ ನಕ್ಕುಬಿಟ್ಟ.

ಸುಪ್ರೀತಾ ಟೀಚರ ಕಣ್ಣು ಕೆಂಪಾಯಿತು. "ನಗುದೆಂತಕ್ಕೆ? ಟೆಂಟ್ ಉಂಟಾ, ಇಲ್ವಾ?"

ಅವನ ನಗು ಅಲ್ಲೇ ಉಡುಗಿತು. "ಉಂಟು... ಹಾಕಿ ಕೊಡ್ಲಿಕ್ಕೆ ನಾನೂ ಬರ್ತೇನೆ."

ಶಾಲೆಯ ಇಬ್ಬರು ಗೆಳತಿಯರೊಂದಿಗೆ ಬೀದರಿಗೆ ಹೋಗಬೇಕೆಂಬುದು ಅವಳ ಆಸೆ. ಕೋಟೆಗೋಡೆ ಸುತ್ತುವರಿದ ಆ ಹಳೇ ಊರನ್ನು ನಾಲ್ಕು ದಿನ ನಡೆದು ನೋಡಬೇಕು. ಗೋಡೆಯಾಚೆ ಯಾರದಾದರೂ ಹೊಲದಲ್ಲಿ ಕೇಳಿಕೊಂಡು ಟೆಂಟ್ ಹಾಕಿ ಉಳಿಯಬೇಕು. ಹುಟ್ಟಿನಿಂದ ಹಾಸಿಗೆಯಲ್ಲೇ ಇರುವ ತಂಗಿ ತೃಷಾಳನ್ನು ಬಿಟ್ಟು ಎಣ್ಮಕಜೆಯ ಮನೆಯಿಂದ ಅವಳು ಒಂದು ರಾತ್ರಿಯೂ ಹೊರಗುಳಿದವಳಲ್ಲ. "ಹೋಗಿ ಬಾ ಮಗಳೇ, ನಾನಿಲ್ವಾ?" ಎಂದು ಅಮ್ಮನೇ ಒತ್ತಾಯಿಸಿದ್ದರು.

ಯಾವ ಹೆಬ್ಬಾಗಿಲ ಹತ್ತಿರ ಟೆಂಟು, ನೀರು ಎಲ್ಲಿಂದ... ಪ್ರವೀತ್ ಜೊತೆ ದಿನವೂ ಫೋನಿನಲ್ಲಿ ಚರ್ಚೆ. ಅದು ಯಾವಾಗ ಪ್ರೀತಿಯಾಯಿತೋ! ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ರೇಷನ್ ಅಂಗಡಿಗೆ ಹೋಗಿದ್ದರು. ಸುಪ್ರೀತಾ ಅಂಗಳದಲ್ಲಿ ಫೋನ್ ಹಿಡಿದು ನಗುತ್ತಿದ್ದಳು. ಒಳಗೆ ಬಂದಾಗ...

ತೃಷಾಳಿಗೆ ಫಿಟ್ಸ್ ಬಂದು ಹೋಗಿತ್ತು. ಉಸಿರೂ ನಿಂತಿತ್ತು.

ಮರುದಿನ ಪ್ರವೀತ್‌ಗೆ ಒಂದೇ ಮೆಸೇಜು: 'ಬೀದರಿಗೆ ಬರುವುದಿಲ್ಲ. ಇನ್ನು ಫೋನ್ ಮಾಡಬೇಡಿ.'

ಎರಡು ತಿಂಗಳು ಕಾದು, ತಡೆಯಲಾರದೆ ಅವನು ಅವಳ ಮನೆಯಂಗಳಕ್ಕೇ ಬಂದ.

"ನನ್ನ ಜಾತಿ ಅಡ್ಡ ಬಂತಾ ಟೀಚರೇ? ಅದನ್ನಾದ್ರೂ ಹೇಳಿ."

'ಅಯ್ಯೋ... ಹೀಗೆ ತಿಳಿದುಕೊಂಡರಾ!'

ಅವಳಿಗೆ ಇನ್ನು ಮುಚ್ಚಿಡುವ ಶಕ್ತಿಯಿರಲಿಲ್ಲ. "ನಾನು ನಿಮ್ಮೊಟ್ಟಿಗೆ ನಗ್ತಾ ಇದ್ದೆ... ತಂಗಿ ಒಳಗೆ ಸಾಯ್ತಾ ಇದ್ಲು! ಪಕ್ಕದಲ್ಲೇ ಇದ್ದೆ ಅಂತ ಅಮ್ಮನಿಗೆ ಸುಳ್ಳು ಹೇಳಿದ್ದೇನೆ."

ಪ್ರವೀತ್ ಮೆಟ್ಟಿಲ ಮೇಲೆ ಕುಸಿದ. "ನೀವು ಆಗಲೇ ಫೋನ್ ಇಡ್ತೇನೆ ಅಂದಿದ್ರಿ... ಇನ್ನು ಐದು ನಿಮಿಷ ಅಂತ ನಿಲ್ಲಿಸಿದ್ದು ನಾನು."

ಅವಳು ಮುಖ ಮುಚ್ಚಿಕೊಂಡಳು. "ನನ್ನಿಂದ ಇನ್ನು ಯಾರಿಗೂ ಸುಖ ಇಲ್ಲ. ಹೋಗಿ."

"ಸುಖ ಕೇಳ್ಲಿಕ್ಕೆ ಬಂದದ್ದಲ್ಲ. ನನಗೆ ನೀವು ಬೇಕು... ಅಷ್ಟೇ."

"ಯಾರು ಮಗಳೇ ಬಂದದ್ದು?" ಒಳಗಿನಿಂದ ಅಮ್ಮನ ದಣಿದ ದನಿ.

ಸುಪ್ರೀತಾ ಬಾಗಿಲ ಕಡೆ ತಿರುಗಿದಳು. "ಇವತ್ತು ನಿಜ ಹೇಳಿಬಿಡ್ಬೇಕು. ಅಮ್ಮ ಇನ್ನು ನನ್ನ ಮುಖ ನೋಡದಿದ್ರೆ?"

"ನಾನೂ ಬರ್ತೇನೆ. ಬೈದರೆ ಇಬ್ಬರಿಗೂ ಬೈಯಲಿ."

ಅವಳು ಮೊದಲ ಬಾರಿ ಅವನ ಕೈ ಹಿಡಿದಳು.

"ನಡುವಲ್ಲಿ ಬಿಟ್ಟು ಹೋಗುದಿಲ್ಲ ಅಲ್ವಾ?"

"ಇಲ್ಲ ಮಾರಾಯ್ತಿ... ಬಾ."